ಏರಿಯ ಮೇಲೆ ನಿಲ್ಲಿಸಿದ ಲಾರಿ

ಚಿಕ್ಕಬೋರಯ್ಯನನ್ನು ಮಣ್ಣು ಮಾಡಿ ಬಂದ ದಿನ ಅವನ ಮನೆಯ ಜಗಲಿಯ ಮೇಲೆ ಕೂತವರೆಲ್ಲ ಹೇಳಿದ್ದು ಒಂದೇ ಮಾತು. ಅಂಥ ಗಟ್ಟಿ ಗುಂಡಿಗೆಯ ಡ್ರೈವರು ಮಳವಳ್ಳಿಗೂ ಮದ್ದೂರಿಗೂ ನಡುವೆ ಇನ್ನೊಬ್ಬನಿರಲಿಲ್ಲ ಎಂದರು. ಸಾವಿನ ಮನೆಯಲ್ಲಿ ಯಾರೂ ವಾದ ಮಾಡುವುದಿಲ್ಲ. ಅವನ ಹೆಂಡತಿ ಹೊಂಬಾಳಮ್ಮ ಮಾತ್ರ ತಲೆ ಎತ್ತಿ, ಆ ಮಾತು ಆಡಿದವರ ಕಡೆ ಒಮ್ಮೆ ನೋಡಿ, ಮತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳಿಗೆ ಗೊತ್ತಿತ್ತು. ಚಿಕ್ಕಬೋರಯ್ಯ ಹೆದರುವ ಮನುಷ್ಯ. ಹಾವಿಗೆ ಹೆದರುತ್ತಿರಲಿಲ್ಲ, ಕತ್ತಲೆಗೆ ಹೆದರುತ್ತಿರಲಿಲ್ಲ, ಪೊಲೀಸಿನವರಿಗೂ ಅಷ್ಟಾಗಿ ಹೆದರುತ್ತಿರಲಿಲ್ಲ. ಅವನು ಹೆದರುತ್ತಿದ್ದದ್ದು ಚಳಿಗಾಲದ ಬೆಳಗಿಗೆ. ಆ ಹೆದರಿಕೆಯನ್ನು ಬಿಟ್ಟು ಅವನನ್ನು ಹೊಗಳಿದರೆ ಹೊಗಳಿದ್ದು ಬೇರೆ ಯಾರನ್ನೋ ಆಗುತ್ತದೆ.

ಅವನ ಊರು ಕಿರುಗಾವಲಿನ ಹತ್ತಿರ, ಕೆರೆ ಏರಿಯ ಕೆಳಗಿನ ಸಣ್ಣ ಹಳ್ಳಿ. ಅಪ್ಪ ಕರಿಸಿದ್ದಯ್ಯ ಜ್ವರ ಬಂದು ತೀರಿಕೊಂಡಾಗ ಮಗನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ತಾಯಿ ಪುಟ್ಟಮಾದಮ್ಮ ಒಂದು ತುಂಡು ಗದ್ದೆ, ಒಂದು ಜೊತೆ ಎತ್ತು ಇಟ್ಟುಕೊಂಡು ಅವನನ್ನು ಸಾಕಿದಳು. ಎತ್ತು ಮಲಗಿದರೆ ಸಂಸಾರವೇ ಮಲಗಿದ ಹಾಗೆ ಅನ್ನುವುದು ಅವಳು ಬಲ್ಲ ವಿಷಯ. ಹಾಗಾಗಿ ದನದ ಕಾಯಿಲೆಯನ್ನು ಅವಳು ಓದಿಕೊಂಡಷ್ಟು ಸುತ್ತಿನಲ್ಲಿ ಯಾರೂ ಓದಿಕೊಂಡಿರಲಿಲ್ಲ. ಯಾರದೋ ಎತ್ತು ಮೇವು ಬಿಟ್ಟಿದೆ, ಯಾರದೋ ಹಸು ಹೊಟ್ಟೆ ಉಬ್ಬರಿಸಿಕೊಂಡಿದೆ ಎಂದರೆ ಜನ ಅವಳ ಬಾಗಿಲಿಗೆ ಬರುತ್ತಿದ್ದರು. ಸೊಂಟಕ್ಕೆ ಸೆರಗು ಬಿಗಿದು, ಬಿದಿರಿನ ಗೊಟ್ಟ ಹಿಡಿದು ಹೊರಡುತ್ತಿದ್ದಳು. ಗೊಟ್ಟ ಅಂದರೆ ಒಂದು ಕಡೆ ಗಿಣ್ಣು ಉಳಿಸಿ, ಇನ್ನೊಂದು ಕಡೆ ಓರೆಯಾಗಿ ಕೊಯ್ದ ಬಿದಿರಿನ ಕೊಳವೆ. ಅದರಲ್ಲಿ ಮದ್ದು ತುಂಬಿ, ದನದ ಮೂತಿ ಎತ್ತಿ ಹಿಡಿದು, ಗಂಟಲಿಗೆ ಸುರಿಯುವುದು. ಎಂಥ ಹೋರಿಯೂ ಅವಳ ಕೈಯಲ್ಲಿ ಮೂತಿ ಅಲ್ಲಾಡಿಸುತ್ತಿರಲಿಲ್ಲ.

ಮಗ ಮಾತ್ರ ಎತ್ತಿನ ಹಿಂದೆ ನಿಲ್ಲಲಿಲ್ಲ. ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲಿನ ದೊಡ್ಡ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಚಿಕ್ಕಬೋರಯ್ಯ ಮದ್ದೂರಿಗೆ ಹೋಗಿ ಅಂಥದ್ದೊಂದು ಬಸ್ಸಿನ ಒಲೆ ಊದುವ ಕೆಲಸಕ್ಕೆ ಸೇರಿ, ಮೈಯೆಲ್ಲ ಮಸಿ ಮಾಡಿಕೊಂಡು, ಕೊನೆಗೆ ಅದೇ ಬಸ್ಸಿನ ಚಕ್ರ ಹಿಡಿಯುವಷ್ಟಕ್ಕೆ ಬಂದ. ಯುದ್ಧ ಮುಗಿದ ಮೇಲೆ ಮದ್ದೂರಿನ ಸಾಹುಕಾರ ಮಹದೇವಯ್ಯನವರು ಬೆಂಗಳೂರಿನ ಮಿಲಿಟರಿ ಹರಾಜಿನಲ್ಲಿ ಒಂದು ಲಾರಿ ಹಿಡಿದರು. ಅದು ಪೆಟ್ರೋಲಿನದಲ್ಲ, ಡೀಸೆಲಿನದು. ಆಗ ಎಲ್ಲರ ಬಾಯಲ್ಲೂ ಅದು ಕ್ರೂಡಾಯಿಲ್ ಲಾರಿ. ಸುತ್ತಲ ಆಲೆಮನೆಗಳ ಬೆಲ್ಲವನ್ನು ಸಂಜೆ ತುಂಬಿಕೊಂಡು, ಬೆಳಿಗ್ಗೆ ಮಂಡ್ಯದ ಮಂಡಿಗೆ ಮುಟ್ಟಿಸುವ ಕೆಲಸ ಚಿಕ್ಕಬೋರಯ್ಯನ ಪಾಲಿಗೆ ಬಂತು. ಲಾರಿ ರಾತ್ರಿ ಅವನ ಊರಿನಲ್ಲೇ ನಿಲ್ಲುತ್ತಿತ್ತು.

ಲಾರಿ ಊರಿಗೆ ಬಂದ ದಿನ ಪುಟ್ಟಮಾದಮ್ಮ ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಸುತ್ತ ಒಂದು ಬಾರಿ ಬಂದು, "ಇದು ಏನು ತಿನ್ತದ್ಲಾ ಮಗ?" ಎಂದಳು.

"ಇದು ಎಣ್ಣೆ ಕುಡಿಯೋ ಲಾರಿ ಕಣವ್ವ. ಬರೀ ಎಣ್ಣೆ. ಇದ್ದಿಲೂ ಬ್ಯಾಡ, ಕಿಡೀನೂ ಬ್ಯಾಡ" ಎಂದು ಅವನು ಹೆಮ್ಮೆಯಿಂದ ಹೇಳಿದ. ಕಿಡಿ ಇಲ್ಲದೆ ಹೊತ್ತಿಕೊಳ್ಳುವ ಇಂಜಿನ್ನು ಅವನಿಗೂ ಹೊಸದು. ಇದ್ದಿಲ ಬಸ್ಸಿನಲ್ಲಿ ಉರಿ ಕಣ್ಣಿಗೆ ಕಾಣುತ್ತಿತ್ತು. ಇದರಲ್ಲಿ ಏನೂ ಕಾಣುವುದಿಲ್ಲ.

ಸ್ವಾತಂತ್ರ್ಯ ಬಂತಲ್ಲ, ಅದರ ಹಿಂದಿನ ಚಳಿಗಾಲ. ಧನುರ್ಮಾಸ ಹಿಡಿಯುತ್ತಲೂ ಕೆರೆಯ ಮೇಲೆ ಮಂಜು ಕೂರತೊಡಗಿತು. ಒಂದು ಬೆಳಿಗ್ಗೆ ಲಾರಿ ಎದ್ದೇಳಲಿಲ್ಲ. ಅದರ ಬ್ಯಾಟರಿ ಮಿಲಿಟರಿಯಲ್ಲೇ ಜೀವ ಕಳೆದುಕೊಂಡು ಬಂದಿತ್ತು, ಹೊಸದು ಎಲ್ಲೂ ಸಿಗುತ್ತಿರಲಿಲ್ಲ. ಮುಂದಿನಿಂದ ಹ್ಯಾಂಡ್ಲು ಹಾಕಿ ತಿರುಗಿಸೋಣವೆಂದರೆ ಇಂಜಿನ್ನಿನೊಳಗಿನ ಎಣ್ಣೆ ಚಳಿಗೆ ಹೆಪ್ಪುಗಟ್ಟಿದಂತಾಗಿ, ಇಬ್ಬರು ಬಿದ್ದು ತಿರುಗಿಸಿದರೂ ಅರ್ಧ ಸುತ್ತಿಗೆ ನಿಂತುಬಿಡುತ್ತಿತ್ತು. ಅವತ್ತು ಅದು ಒಂದೆರಡು ಸಲ ಕೆಮ್ಮಿ, ಬಿಸಿಲು ಏರಿದ ಮೇಲೆ ಶುರುವಾಯಿತು. ಬೆಲ್ಲ ಮಂಡಿಗೆ ಹೋಗುವಷ್ಟರಲ್ಲಿ ಹರಾಜು ಮುಗಿದಿತ್ತು. ಸಾಹುಕಾರರು ಕೂಗಾಡಲಿಲ್ಲ. ಲಾರಿ ಹೊತ್ತಿಗೆ ಬರದಿದ್ದರೆ ಹೊತ್ತಿಗೆ ತರುವವನನ್ನು ಹುಡುಕಬೇಕಾಗುತ್ತದೆ ಎಂದು ಹೇಳಿ ಕಳಿಸಿದರು, ಅಷ್ಟೆ.

ಆಮೇಲೆ ಅವನು ಕಂಡುಕೊಂಡ ದಾರಿ ಕೆರೆ ಏರಿ. ಆ ಊರಿನಲ್ಲಿ ಎತ್ತರ ಅಂತ ಇದ್ದದ್ದು ಅದೊಂದೇ. ಸಂಜೆ ಬೆಲ್ಲ ತುಂಬಿದ ಲಾರಿಯನ್ನು ಏರಿಯ ನೆತ್ತಿಗೆ ತಂದು, ಮೂತಿ ಇಳಿಜಾರಿನ ಕಡೆ ಮಾಡಿ, ಮುಂದಿನ ಗಾಲಿಗೆ ದಪ್ಪ ಕಲ್ಲು ಕೊಟ್ಟು ನಿಲ್ಲಿಸುವುದು. ಬೆಳಿಗ್ಗೆ ಕಲ್ಲು ಎಳೆದರೆ ಲಾರಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ. ಉರುಳುವಾಗ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಗಾಲಿ ಇಂಜಿನ್ನನ್ನು ತಿರುಗಿಸುತ್ತದೆ, ಇಂಜಿನ್ನು ಎದ್ದೇಳುತ್ತದೆ. ಕಲ್ಲು ಎಳೆಯುವವನು ಹೊಂಬಾಳಮ್ಮನ ತಮ್ಮ ಜವರಯ್ಯ. ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ಕೂತು ಪಾಕ ನೋಡುವವನು, ನಾಲಿಗೆ ಮಾತ್ರ ಮೆಣಸಿನಕಾಯಿ.

ಇಳಿಜಾರಿನ ನಡುವೆ ಒಂದು ಹೊಂಗೆ ಮರ. ಕೆಳಗೆ ರಸ್ತೆ ಎಡಕ್ಕೆ ತಿರುಗುತ್ತದೆ. ತಿರುಗದೆ ನೇರ ಹೋದರೆ ಎತ್ತು ಹೂಡಿ ನೀರೆತ್ತುವ ಕಪಿಲೆ ಬಾವಿ. ಕಟ್ಟೆ ಇಲ್ಲದ, ಬಾಯಿ ತೆರೆದ, ತಳ ಕಾಣದ ಬಾವಿ. ಆ ಲಾರಿಯ ಬ್ರೇಕು ಇಂಜಿನ್ನು ಓಡುತ್ತಿದ್ದರೆ ಮಾತ್ರ ಬಲವಾಗಿ ಹಿಡಿಯುವಂಥದ್ದು. ಇಂಜಿನ್ನು ಎದ್ದೇಳದಿದ್ದರೆ ಬ್ರೇಕು ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಅಂದರೆ ತಿರುವು ಬರುವಷ್ಟರಲ್ಲಿ ಅದು ಎದ್ದೇಳಲೇಬೇಕು.

ಮೊದಮೊದಲು ಮರಕ್ಕಿಂತ ಮುಂಚೆಯೇ ಎದ್ದೇಳುತ್ತಿತ್ತು. ಜವರಯ್ಯ ಮೇಲಿನಿಂದ, "ಎದ್ದ ಬಾವ, ನಿನ್ನ ಲಾರಿರಾಯ ಎದ್ದ!" ಎಂದು ಕೂಗುತ್ತಿದ್ದ. ಆಮೇಲೆ ಮರದ ಹತ್ತಿರ ಎದ್ದೇಳತೊಡಗಿತು. ಆಮೇಲೆ ಮರ ದಾಟಿದ ಮೇಲೆ. ಪುಷ್ಯಮಾಸದ ಹೊತ್ತಿಗೆ ಅದು ತಿರುವಿಗೆ ಹತ್ತಿರ ಹತ್ತಿರ ಸರಿಯತೊಡಗಿತ್ತು. ಬಿಳಿ ಹೊಗೆ ಕಕ್ಕಿ, ನಾಲ್ಕು ಹೆಜ್ಜೆ ಮುಗ್ಗರಿಸಿ, ಎದ್ದಂತೆ ಮಾಡಿ ಮತ್ತೆ ಸುಮ್ಮನಾಗುತ್ತಿತ್ತು.

ಅವನು ತನಗೆ ತಿಳಿದದ್ದೆಲ್ಲ ಮಾಡಿ ನೋಡಿದ. ಮುಂದಿನ ನೀರಿನ ಟ್ಯಾಂಕಿಗೆ ಕುದಿಯುವ ನೀರು ಹೊಯ್ದ. ಆಲೆಮನೆಯ ಒಲೆಯಿಂದ ಕೆಂಡ ತಂದು ಕಬ್ಬಿಣದ ಬಾಣಲೆಯಲ್ಲಿ ಹಾಕಿ ಇಂಜಿನ್ನಿನ ಹೊಟ್ಟೆಯ ಕೆಳಗೆ ತಳ್ಳಿದ. ಪೈಪಿನ ತಿರುಪು ಸಡಿಲಿಸಿ ಒಳಗೆ ಗಾಳಿ ಸೇರಿದೆಯೇ ನೋಡಿದ. ಒಂದೊಂದು ದಿನ ಗುಣ ಕಂಡಂತಾಗುತ್ತಿತ್ತು, ಮರುದಿನ ಮತ್ತೆ ಅದೇ. ವಿಚಿತ್ರವೆಂದರೆ ಮಧ್ಯಾಹ್ನ ಮಂಡ್ಯದಲ್ಲಿ ಬಿಸಿಲಿಗೆ ನಿಂತ ಲಾರಿ ಹ್ಯಾಂಡ್ಲಿನ ಒಂದೇ ಸುತ್ತಿಗೆ ಗುಡುಗುತ್ತಿತ್ತು. ಆಗ ಅದರ ಹೊಗೆಗೆ ಹಬ್ಬದ ಮನೆಯ ಹಿತ್ತಲಿನಿಂದ ಬಂದಂಥ ವಾಸನೆ ಇರುತ್ತಿತ್ತು. ಬೆಲ್ಲದ ಲಾರಿ, ಬೆಲ್ಲದ ವಾಸನೆ ಎಂದುಕೊಂಡು ಅವನು ಸುಮ್ಮನಿದ್ದ.

ರಾತ್ರಿ ಮುದ್ದೆ ಮುರಿಯುವಾಗ ಅವನ ಕೈ ನಿಂತುಬಿಡುವುದನ್ನು ಹೊಂಬಾಳಮ್ಮ ನೋಡಿದಳು. ಅವರೆಕಾಳಿನ ಸಾರು ತಣ್ಣಗಾಗುತ್ತಿತ್ತು. ನಿದ್ದೆಯಲ್ಲಿ ಎಡಗಾಲು ಕ್ಲಚ್ಚು ಒತ್ತಿದಂತೆ ಒದೆಯುತ್ತಿತ್ತು. ಬೆಳಗಿನ ಜಾವ ಕಂಬಳಿ ಹೊದ್ದು ಹೊರಡುವ ಮುಂಚೆ ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬರುತ್ತಿದ್ದ. ಅವಳು ಕೇಳಿದಾಗ, "ಪಿತ್ತ ಕಣಮ್ಮಿ" ಎಂದ. ಪುಟ್ಟಮಾದಮ್ಮ ಒಲೆ ಮುಂದೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ದಿನ ಸಂಜೆ ಮಾತ್ರ ಒಂದು ಪ್ರಶ್ನೆ ಇರುತ್ತಿತ್ತು. "ಇವತ್ತು ಎಂಗಿತ್ಲಾ? ಕೆಮ್ತಾ?"

"ಕೆಮ್ತು ಕಣವ್ವ."

"ಊ" ಎಂದು ಎದ್ದು ಹೋಗುತ್ತಿದ್ದಳು.

ಆ ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ಮೇಲಿನಿಂದ ಹೊಂಗೆ ಮರವೇ ಕಾಣುತ್ತಿರಲಿಲ್ಲ. ಜವರಯ್ಯ ಕಲ್ಲು ಎಳೆದ. ಲಾರಿ ಹೊರಟಿತು. ಚಿಕ್ಕಬೋರಯ್ಯ ಕ್ಲಚ್ಚು ಬಿಟ್ಟ. ಲಾರಿ ಮುಗ್ಗರಿಸಿತು, ಕೆಮ್ಮಿತು, ಎದ್ದೇಳಲಿಲ್ಲ. ಮತ್ತೆ ಒತ್ತಿ, ಮತ್ತೆ ಬಿಟ್ಟ. ಮರ ಬಲಕ್ಕೆ ಬಂದು ಹಿಂದೆ ಹೋಯಿತು. ಮೂರನೆಯ ಸಲ ಬಿಟ್ಟಾಗ ಇಡೀ ಲಾರಿ ಅದುರಿ, ಗೇರಿನ ಕೋಲು ಅವನ ಕೈಗೆ ಬಡಿದು ಗೇರು ತಾನಾಗಿಯೇ ಕಳಚಿಕೊಂಡಿತು. ಆಮೇಲೆ ಲಾರಿಯನ್ನು ಹಿಡಿಯುವಂಥದ್ದು ಏನೂ ಉಳಿಯಲಿಲ್ಲ. ಸದ್ದೂ ಇರಲಿಲ್ಲ. ಅಷ್ಟು ದೊಡ್ಡ ಲಾರಿ ಸದ್ದಿಲ್ಲದೆ ಓಡುವುದನ್ನು ಕೇಳಿದವನಿಗೆ ಮಾತ್ರ ಆ ಭಯ ಗೊತ್ತಾಗುತ್ತದೆ ಎಂದು ಅವನು ಆಮೇಲೆ ಹೇಳುತ್ತಿದ್ದ. ಗಾಲಿಯ ಕೆಳಗೆ ಕಲ್ಲು ಸಿಡಿಯುವ ಸದ್ದು, ಹಿಂದೆ ಬೆಲ್ಲದ ಪೆಂಡಿಗಳು ಒಂದಕ್ಕೊಂದು ತಿಕ್ಕುವ ಸದ್ದು, ತನ್ನ ಬಾಯಿಂದ ಬರುತ್ತಿದ್ದ 'ಅವ್ವ ಅವ್ವ' ಅನ್ನುವ ಸದ್ದು.

ತಿರುವು ತಪ್ಪಿತು. ಲಾರಿ ನೇರವಾಗಿ ಬಾವಿಯ ದಾರಿಗೆ ನುಗ್ಗಿತು.

ಕಪಿಲೆ ಬಾವಿಗೆ ಒಂದು ಮಣ್ಣಿನ ಇಳಿಜಾರು ಇರುತ್ತದೆ. ನೀರು ತುಂಬಿದ ತೊಗಲಿನ ಚೀಲ ಮೇಲೆ ಬರಬೇಕಾದರೆ ಎತ್ತುಗಳು ಆ ಇಳಿಜಾರಿನಲ್ಲಿ ಕೆಳಗೆ ನಡೆಯುತ್ತವೆ. ಹಾಗಾಗಿ ಅದು ಬಾವಿಯ ಬಾಯಿಯ ಹತ್ತಿರ ಎತ್ತರ, ದೂರ ಹೋದಷ್ಟೂ ತಗ್ಗು. ಲಾರಿ ತಗ್ಗಿನ ಕಡೆಯಿಂದ ಅದರ ಮೇಲೆ ಹತ್ತಿತು. ಹತ್ತುತ್ತಾ ಹತ್ತುತ್ತಾ ವೇಗ ಕಡಿಮೆಯಾಯಿತು. ನೆತ್ತಿಯಲ್ಲಿ ಒಂದು ಕ್ಷಣ ನಿಂತಿತು. ಅಷ್ಟು ಹೊತ್ತಿನಲ್ಲಿ ಅವನು ಮುಂದಿನ ಗಾಜಿನಿಂದ ಕೆಳಗೆ ನೋಡಿದ. ನೆಲ ಕಾಣಲಿಲ್ಲ. ಬಾವಿಯೊಳಗಿನಿಂದ ಬಿಸಿ ಉಸಿರಿನಂತೆ ಮಂಜು ಮೇಲೇಳುತ್ತಿತ್ತು. ಆಮೇಲೆ ಲಾರಿ ಮನಸ್ಸು ಬದಲಾಯಿಸಿದಂತೆ ಹಿಂದಕ್ಕೆ ಉರುಳಿ, ಹಿಂದಿನ ಗಾಲಿ ಗದ್ದೆಯ ಕೆಸರಿಗೆ ಇಳಿದು ನಿಂತಿತು.

ಜವರಯ್ಯ ಓಡಿ ಬಂದು ಬಾಗಿಲು ತೆಗೆದಾಗ ಚಿಕ್ಕಬೋರಯ್ಯನ ಕೈಗಳನ್ನು ಚಕ್ರದಿಂದ ಬಿಡಿಸಬೇಕಾಯಿತು.

"ಬದುಕಿದ್ದೀಯಾ ಬಾವ?"

"ಗೊತ್ತಿಲ್ಲ ಕಣ್ಲಾ" ಎಂದ ಚಿಕ್ಕಬೋರಯ್ಯ.

ಎರಡು ಜೊತೆ ಎತ್ತು ಕಟ್ಟಿ ಲಾರಿಯನ್ನು ಎಳೆದರು. ಅವತ್ತೇ ಮದ್ದೂರಿನಿಂದ ಮಿಸ್ತ್ರಿ ಸಿದ್ದರಾಜುವನ್ನು ಕರೆಸಿದರು. ಇದ್ದಿಲ ಬಸ್ಸಿನ ಕಾಲದಿಂದ ಚಿಕ್ಕಬೋರಯ್ಯನಿಗೆ ಗೆಳೆಯ, ದಪ್ಪ ಆಳು, ಎಲೆಅಡಿಕೆ ಇಲ್ಲದೆ ತಿರುಪು ಮುಟ್ಟದವನು. ಅವನು ಟ್ಯಾಂಕಿನಿಂದ ಪಂಪಿಗೆ ಹೋಗುವ ದಾರಿಯಲ್ಲಿದ್ದ ಸೋಸುವ ಡಬ್ಬಿ ಬಿಚ್ಚಿದ. ಒಳಗಿನ ಬಟ್ಟೆ ಗಂಜಿಯಲ್ಲಿ ಅದ್ದಿದಂತೆ ಇತ್ತು. ಬೆರಳಿನಿಂದ ತೆಗೆದು ಉಜ್ಜಿದ, ಮೂಸಿದ, ಮತ್ತೆ ಮೂಸಿದ. ಟ್ಯಾಂಕಿನ ತಳದ ತಿರುಪು ಬಿಚ್ಚಿ ಗಡಿಗೆ ಇಟ್ಟ. ಮೊದಲು ಬಿದ್ದದ್ದು ಕ್ರೂಡಾಯಿಲ್ ಅಲ್ಲ. ಹೊಂಬಣ್ಣದ, ಅಂಟು ಅಂಟಾದ, ಜೇನಿನಂತೆ ಎಳೆ ಎಳೆಯಾಗಿ ಇಳಿಯುವ ಎಣ್ಣೆ.

"ಏನಯ್ಯ ಬೋರಯ್ಯ, ಲಾರಿಗೆ ಬಾಣಂತನ ಮಾಡ್ತಾ ಇದ್ದೀಯಾ?"

"ಏನು?"

"ಹರಳೆಣ್ಣೆ ಕಣಯ್ಯ! ಮನೇಲಿ ಕಾಯಿಸಿದ ಹರಳೆಣ್ಣೆ. ಬಿಸಿಲಲ್ಲಿ ಅಲ್ಲಾಡಿಕೊಂಡು ಎಂಗೋ ಬೆರೆತಿರ್ತದೆ. ಚಳೀಲಿ ನಿಂತ್ರೆ ತಳಕ್ಕಿಳಿದು ಪಾಯಸ ಆಯ್ತದೆ. ಪಂಪು ಎಳೆಯೋದು ತಳದಿಂದ. ಪಾಯಸ ಕುಡ್ಕೊಂಡು ಯಾವ ಇಂಜಿನ್ ಏಳ್ತದೆ?" ಸಿದ್ದರಾಜು ಎಲೆಅಡಿಕೆ ಉಗುಳಿ, ದನಿ ತಗ್ಗಿಸಿದ. "ಇದು ಒಂದು ದಿವಸದ್ದಲ್ಲ. ದಿನಾ ಯಾರೋ ಹಾಕ್ತಾವ್ರೆ. ನಿನಗ್ಯಾರು ಆಗದವರು?"

ಚಿಕ್ಕಬೋರಯ್ಯ ಗಡಿಗೆಗೆ ಬೆರಳು ಅದ್ದಿ ತಾನೂ ಮೂಸಿದ. ಅಲ್ಲಿಯವರೆಗೆ ಅವನು ಹೆದರಿದ್ದು ಬಾವಿಗೆ. ಬಾವಿ ಕಣ್ಣಿಗೆ ಕಾಣುತ್ತಿತ್ತು, ಇದ್ದ ಕಡೆಯೇ ಇರುತ್ತಿತ್ತು. ಇದು ಹಾಗಲ್ಲ. ತನ್ನನ್ನು ಆ ಬಾವಿಗೆ ತಳ್ಳಬೇಕೆಂದು ದಿನ ಸಂಜೆ ಯಾರೋ ಮನೆಯಿಂದ ಎಣ್ಣೆ ತಂದು ಸುರಿಯುತ್ತಿದ್ದಾರೆ. ಅವರು ಬೆಳಿಗ್ಗೆ ತನ್ನ ಮುಂದೆ ನಿಂತು, ಚಳಿ ಜಾಸ್ತಿ ಕಣಪ್ಪ ಎಂದು ಮಾತಾಡಿಸುತ್ತಲೂ ಇರಬಹುದು. ಹರಳೆಣ್ಣೆ ಇಲ್ಲದ ಮನೆ ಊರಿನಲ್ಲಿ ಯಾವುದಿದೆ?

ಸಿದ್ದರಾಜು ಟ್ಯಾಂಕು ತೊಳೆದು, ಬಟ್ಟೆ ಬದಲಾಯಿಸಿ, ಇದ್ದ ಕ್ರೂಡಾಯಿಲ್ಲನ್ನು ಸೋಸಿ ತುಂಬಿದ. "ಸಾಯಂಕಾಲ ಮರೆಯಾಗಿ ನಿಂತು ನೋಡು. ಬಂದೇ ಬತ್ತಾನೆ" ಎಂದು ಹೇಳಿ ಬಸ್ಸಿಗೆ ಹೋದ.

ಮಧ್ಯಾಹ್ನವೆಲ್ಲ ಚಿಕ್ಕಬೋರಯ್ಯ ಒಬ್ಬೊಬ್ಬರ ಮುಖವನ್ನೂ ಬೇರೆ ಕಣ್ಣಿನಿಂದ ನೋಡಿದ. ಕೊನೆಗೆ ಕಣ್ಣು ನಿಂತದ್ದು ಜವರಯ್ಯನ ಮೇಲೆ. ಬೆಳಿಗ್ಗೆ ಕಲ್ಲು ಎಳೆಯುವವನು ಅವನೇ. ಲಾರಿ ಓಡಿಸುವುದನ್ನು ಕಲಿಸು ಎಂದು ಹಿಂದೆ ಬಿದ್ದವನೂ ಅವನೇ. ಸಂಜೆ ಬೆಲ್ಲದ ಲಾರಿಯನ್ನು ಏರಿಯ ಮೇಲೆ ನಿಲ್ಲಿಸಿದಾಗ ಜವರಯ್ಯ ಎಂದಿನಂತೆ ಕಲ್ಲು ಎತ್ತಿಕೊಂಡು ಬಂದ.

"ಅಲ್ಲಿಡು. ನಾಳೆಯಿಂದ ಕಲ್ಲು ನಾನೇ ನೋಡ್ಕತೀನಿ" ಎಂದ ಚಿಕ್ಕಬೋರಯ್ಯ.

"ನೀನು ಒಳಗೆ ಕೂತ್ಕಂಡು ಕೆಳಗಿನ ಕಲ್ಲು ಎಂಗೆ ಎಳೀತೀಯೆ ಬಾವ? ಬಾಲ ಅದಾ ನಿಂಗೆ?" ಎಂದು ಜವರಯ್ಯ ನಕ್ಕ. ಚಿಕ್ಕಬೋರಯ್ಯ ನಗಲಿಲ್ಲ. ಜವರಯ್ಯ ಅವನ ಮುಖ ನೋಡಿ, ಕಲ್ಲನ್ನು ಗಾಲಿಗೆ ಕೊಟ್ಟು ಹೊರಟುಹೋದ.

ಹೊತ್ತು ಮುಳುಗಿತು. ಚಿಕ್ಕಬೋರಯ್ಯ ಮನೆಗೆ ಹೋಗುವವನಂತೆ ಹೋಗಿ, ಏರಿಯ ಆಚೆ ಮಗ್ಗುಲಿನಿಂದ ಸುತ್ತಿ ಬಂದು, ಕಳ್ಳಿ ಬೇಲಿಯ ಹಿಂದೆ ಕೂತ. ಕೈಯಲ್ಲಿ ಗಾಡಿಯ ಗೂಟ. ಕೆರೆಯ ಮೇಲೆ ಬೆಳಕು ಇನ್ನೂ ಸ್ವಲ್ಪ ಇತ್ತು. ಬಂದವನ ಕೈಯಲ್ಲಿ ಮಚ್ಚು ಇದ್ದರೆ? ಬಂದವನು ಜವರಯ್ಯನೇ ಆಗಿದ್ದರೆ ಹೊಂಬಾಳಮ್ಮನಿಗೆ ಏನು ಹೇಳುವುದು?

ಒಂದು ಆಕೃತಿ ಬಂತು. ತಲೆಯ ಮೇಲಿನಿಂದ ಕಂಬಳಿ. ಬಾಗಿ ಬಾಗಿ, ಸದ್ದು ಮಾಡದೆ, ಲಾರಿಯ ಪಕ್ಕಕ್ಕೆ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿತು. ಕಂಬಳಿಯೊಳಗಿನಿಂದ ಏನನ್ನೋ ಉದ್ದದ್ದು ತೆಗೆಯಿತು. ಚಿಕ್ಕಬೋರಯ್ಯ ಎದ್ದ. ಗೂಟ ಎತ್ತಿಕೊಂಡು ಹಿಂದಿನಿಂದ ಬಂದ. ಹೊಡೆಯುವಷ್ಟು ಹತ್ತಿರ ಬಂದಾಗ ಆ ಕಂಬಳಿಯೊಳಗಿನ ದನಿ ಕೇಳಿತು.

"ಕುಡೀಯಪ್ಪ. ಇನ್ನೊಸಿ ಕುಡಿ. ಬೆಳಿಗ್ಗೆ ನನ್ ಮಗನ್ನ ಸತಾಯಿಸಬ್ಯಾಡ ಕಣಪ್ಪ. ಕುಡೀ..."

ಗೂಟ ಅವನ ಕೈಯಿಂದ ಜಾರಿ ಬಿತ್ತು. ಆ ಸದ್ದಿಗೆ ಪುಟ್ಟಮಾದಮ್ಮ ಬೆಚ್ಚಿ ತಿರುಗಿದಳು. ಅವಳ ಕೈಯಲ್ಲಿ ಗೊಟ್ಟ. ಅದು ಖಾಲಿಯಾಗಿತ್ತು.

"ನಿನ್ನ ಮನೆ ಕಾಯೋಗ! ಎದೆ ಒಡೆದೋಯ್ತಲ್ಲೋ! ಯಾಕ್ಲಾ ಕಳ್ಳನಂಗೆ ಬಂದು ನಿಂತಿದ್ದೀಯೆ?"

"ಅವ್ವ... ಏನವ್ವ ಇದು?"

"ಕೇಳಬ್ಯಾಡ. ಮದ್ದು ಕೊಟ್ಟಿದ್ದ ಬಾಯಿಬುಟ್ಟು ಯೋಳಬಾರ್ದು. ಯೋಳುದ್ರೆ ಗುಣ ಓಯ್ತದೆ."

ಅದು ಅವಳು ಎಂದೂ ಮೀರದ ಕಟ್ಟು. ದನಕ್ಕೆ ಏನು ಕೊಟ್ಟೆ ಎಂದು ದನದ ಯಜಮಾನನಿಗೂ ಹೇಳುತ್ತಿರಲಿಲ್ಲ.

"ಎಂದಿನಿಂದ ಕೊಡ್ತಾ ಇದ್ದೀಯೆ?"

"ಮೊದಲ್ನೇ ದಿವಸ ಕೆಮ್ತಲ್ಲ, ಅವತ್ತಿಂದ. ಒಟ್ಟೆ ಕಟ್ಟಿತ್ತು ಕಣ್ಲಾ ಅದಕ್ಕೆ. ಗುಡುಗುಡು ಅಂತಿತ್ತು, ಏಳ್ತಿರ್ನಿಲ್ಲ. ನೀನೇ ತಾನೆ ಅಂದಿದ್ದು, ಇದು ಎಣ್ಣೆ ಕುಡಿಯೋದು ಅಂತ? ಒಂದು ಗೊಟ್ಟಕ್ಕೆ ಬಗ್ನಿಲ್ಲ. ಅದಕ್ಕೆ ಜಾಸ್ತಿ ಮಾಡ್ದೆ. ಮೈ ದೊಡ್ಡದಲ್ವಾ?"

ಚಿಕ್ಕಬೋರಯ್ಯ ಏರಿಯ ಮೇಲೆ ಕುಕ್ಕರಿಸಿದ.

"ಸಾಕು ಕಣವ್ವ. ಅದಕ್ಕೀಗ ಭೇದಿ ಹಿಡ್ಕಂಡದೆ. ಇನ್ನು ಕೊಡಬ್ಯಾಡ."

ಅವಳು ನಗುತ್ತಾಳೆ ಎಂದುಕೊಂಡಿದ್ದ. ಅವಳು ನಗಲಿಲ್ಲ. ಬೆಳಿಗ್ಗೆ ಎತ್ತು ಕಟ್ಟಿ ಲಾರಿ ಎಳೆದ ಕಡೆ, ಕೆಳಗೆ, ಬಾವಿಯ ಕಡೆ ನೋಡಿದಳು.

"ನನ್ನಿಂದ್ಲಾ ಅದು?"

"ಯಾವುದವ್ವ?"

"ಬಾವಿ."

"ಇಲ್ಲ ಕಣವ್ವ. ಚಳಿಗೆ. ಗೇರು ಕಳಚ್ಕತು, ಅಷ್ಟೆ."

"ನೀನು ಸುಳ್ಳು ಯೋಳುವಾಗ ಕಿವಿ ಮುಟ್ಕತೀಯೆ. ಸಣ್ಣೋನಿಂದ್ಲೂ." ಹಾಗೆ ಹೇಳಿ ಗೊಟ್ಟವನ್ನು ಕಂಬಳಿಯೊಳಗೆ ಸೇರಿಸಿಕೊಂಡು, ಮಗನ ಕಡೆ ನೋಡದೆ ಇಳಿದು ಹೋದಳು. ಅವತ್ತು ಅವಳು ಊಟ ಮಾಡಲಿಲ್ಲ. ಹೊಂಬಾಳಮ್ಮ ಎಷ್ಟು ಕರೆದರೂ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಅಷ್ಟು ಹೊತ್ತಿಗೆ ಒಂದು ಗೊಟ್ಟದ ಎಣ್ಣೆ ಒಳಗೆ ಹೋಗಿತ್ತು. ಚಿಕ್ಕಬೋರಯ್ಯ ಮಬ್ಬಿನಲ್ಲೇ ತಳದ ತಿರುಪು ಸಡಿಲಿಸಿ, ಬಂದಷ್ಟನ್ನು ಗಡಿಗೆಗೆ ಇಳಿಸಿದ. ಎಲ್ಲ ಬಂತೋ, ಅರ್ಧ ಬಂತೋ, ಪೈಪಿನೊಳಗೆ ಎಷ್ಟು ನಿಂತಿತೋ. ಟ್ಯಾಂಕು ಪೂರಾ ಚೆಲ್ಲೋಣವೆಂದರೆ ಬದಲಿಗೆ ತುಂಬಲು ಕ್ರೂಡಾಯಿಲ್ ಊರಿನಲ್ಲಿ ಇರಲಿಲ್ಲ. ಬೆಲ್ಲ ಮಂಡಿಗೆ ಹೋಗಲೇಬೇಕು. ಇವತ್ತು ತಪ್ಪಿಸಿದ್ದಾಗಿದೆ. ನಾಳೆಯೂ ತಪ್ಪಿದರೆ ಚಕ್ರ ಬೇರೆಯವನ ಕೈಗೆ. ಹೋದರೆ ಅದೇ ಇಳಿಜಾರು, ಅದೇ ಬಾವಿ.

ಬೆಳಗಿನ ಜಾವ ಅವನು ಹಿತ್ತಲಿಗೆ ಹೋಗಿ ಬಂದು, ಬಾಯಿ ಮುಕ್ಕಳಿಸಿ, ಏರಿ ಹತ್ತಿದ. ಮಂಜಿನಲ್ಲಿ ಜವರಯ್ಯ ಕಲ್ಲಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಅಕ್ಕನಿಂದ ಎಲ್ಲ ತಿಳಿದಿತ್ತು ಅಂತ ಕಾಣುತ್ತದೆ.

"ಏನು ಬಾವ, ಇವತ್ತು ಕಲ್ಲು ನನ್ನ ಕೈಗೆ ಬುಡ್ತೀಯಾ, ಇಲ್ಲಾ ಪೊಲೀಸಿನೋರ ಕರೆಸ್ತೀಯಾ?"

"ತೆಪ್ಪಗಿರ್ಲಾ" ಎಂದ ಚಿಕ್ಕಬೋರಯ್ಯ. ಆಮೇಲೆ, "ನೀನೇ ಎಳಿ" ಎಂದ. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆ ಅವರಿಬ್ಬರ ನಡುವೆ ಬೇಕಿರಲಿಲ್ಲ.

ಬಾಗಿಲು ತೆಗೆದರೆ ಒಳಗೆ ಪುಟ್ಟಮಾದಮ್ಮ ಕೂತಿದ್ದಳು. ಡ್ರೈವರಿನ ಪಕ್ಕದ ಹಲಗೆಯ ಮೇಲೆ, ಕಂಬಳಿ ಹೊದ್ದು, ಕಾಲು ಮೇಲಕ್ಕೆ ಮಡಚಿಕೊಂಡು. ಬಸ್ಸು ಲಾರಿ ಯಾವುದನ್ನೂ ಹತ್ತದಿದ್ದ ಹೆಂಗಸು ಕತ್ತಲಲ್ಲಿ ಅಷ್ಟೆತ್ತರ ಹೇಗೆ ಹತ್ತಿದಳೋ.

"ಇಳಿಯವ್ವ."

"ಇಳಿಯಾಕಿಲ್ಲ."

"ಇದು ಎತ್ತಿನ ಗಾಡಿ ಅಲ್ಲ ಕಣವ್ವ! ಇಳೀ ಅಂತೀನಿ!"

"ನಾನು ಹಾಕಿದ ಮದ್ದು. ಏನಾದ್ರೂ ಆಗೋದಾದ್ರೆ ನನ್ ಮುಂದೆ ಆಗ್ಲಿ. ನಡಿ."

ಅವನು ಬೈದ, ಬೇಡಿಕೊಂಡ, ಕೈ ಹಿಡಿದು ಎಳೆದ. ಹೋರಿಯ ಮೂತಿ ಹಿಡಿದು ಪಳಗಿದ ಕೈ ಅದು, ಹಲಗೆ ಬಿಡಲಿಲ್ಲ. ಪೂರ್ವ ಬೆಳ್ಳಗಾಗುತ್ತಿತ್ತು. ಕೊನೆಗೆ ಅವನು ಹತ್ತಿ ಕೂತ. ಗೇರು ನಿನ್ನೆ ಕಳಚಿಕೊಂಡದ್ದು ನೆನಪಾಗಿ, "ಇಗಾ, ಈ ಕೋಲು ಇಡ್ಕೊ. ನಾನು ಇಂಗೆ ಹಾಕಿದ ಮೇಲೆ ಎರಡು ಕೈಯಲ್ಲೂ ಅದುಮಿ ಇಡ್ಕೊ. ಏನೇ ಆದ್ರೂ ಬುಡಬ್ಯಾಡ" ಎಂದ.

ಅವಳು ಕಂಬಳಿ ಕೆಳಗೆ ಬಿಟ್ಟು ಎರಡು ಕೈಯಲ್ಲೂ ಕೋಲು ಹಿಡಿದಳು.

ಜವರಯ್ಯ ಕಲ್ಲು ಎಳೆದ.

ಲಾರಿ ಹೊರಟಿತು. ನೆಲ ಜಾರುತ್ತಿರುವುದು ತಿಳಿಯುತ್ತಲೂ ಪುಟ್ಟಮಾದಮ್ಮನ ಬಾಯಿಂದ ಉಸಿರು ಹೊರಟು ನಿಂತುಬಿಟ್ಟಿತು. ಅವನು ಕ್ಲಚ್ಚು ಬಿಟ್ಟ. ಲಾರಿ ಮುಗ್ಗರಿಸಿತು. ಅವಳ ಹಣೆ ಮುಂದಿನ ತಗಡಿಗೆ ಬಡಿಯಿತು, ಕೈ ಬಿಡಲಿಲ್ಲ. ಕೆಮ್ಮಿತು. ಮತ್ತೆ ಸುಮ್ಮನಾಯಿತು. ಮಂಜಿನಿಂದ ಹೊಂಗೆ ಮರ ಎದ್ದು ಬಂದು ಹಿಂದೆ ಹೋಯಿತು. ಅವನು ಒತ್ತಿ ಮತ್ತೆ ಬಿಟ್ಟ. ಕೋಲು ಅವಳ ಕೈಯಲ್ಲಿ ಕರು ಒದ್ದಾಡಿದಂತೆ ಒದ್ದಾಡಿತು. ಅವಳು ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದಳು. ಕೆಳಗೆ ತಿರುವು ಕಾಣುತ್ತಿತ್ತು, ಅದರ ಆಚೆ ಬಾವಿಯ ಮಣ್ಣಿನ ದಿಬ್ಬ, ಅದರ ಮೇಲೆ ನಿನ್ನೆಯ ಗಾಲಿ ಗುರುತು. ಚಿಕ್ಕಬೋರಯ್ಯ ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕು ಅನ್ನಿಸಿತ್ತು ಎಂದು ಆಮೇಲೆ ಹೇಳಿದ.

ಒಂದು ಸಿಡಿತ. ಇನ್ನೊಂದು. ಬಿಳಿ ಹೊಗೆ ಇಡೀ ರಸ್ತೆಯನ್ನು ಮುಚ್ಚಿತು. ಆಮೇಲೆ ಕಾಲಿನ ಕೆಳಗೆ ಆ ಗುಡುಗು, ಒಂದಕ್ಕೊಂದು ಸೇರಿಕೊಂಡು, ನಿಲ್ಲದೆ, ಬಿಡದೆ. ಅವನು ಬ್ರೇಕು ಒತ್ತಿದ. ಬ್ರೇಕು ಹಿಡಿಯಿತು. ಲಾರಿ ತಗ್ಗಿ, ತೂಗಿ, ಎಡಕ್ಕೆ ತಿರುಗಿತು. ಬಾವಿ ಬಲಗಡೆ ದೂರ ಸರಿಯಿತು. ಏರಿಯ ಮೇಲಿನಿಂದ ಜವರಯ್ಯ ಏನೋ ಕೂಗುತ್ತಿದ್ದ, ಕೇಳಿಸಲಿಲ್ಲ.

ಲಾರಿ ಗದ್ದೆ ಬಯಲು ಅರ್ಧ ದಾಟಿತು. ಅವಳ ಹಣೆಯಲ್ಲಿ ಗುಬುಟು ಎದ್ದಿತ್ತು. ಅವಳು ಕತ್ತು ತಿರುಗಿಸಿ ಹಿಂದೆ ಸರಿದ ಏರಿಯ ಕಡೆ ನೋಡಿದಳು.

"ದಿನಾ ಇಂಗೇಯಾ ಮಗ?"

"ದಿನಾ ಇಂಗೇಯ."

"ಯಾಕ್ಲಾ ನಂಗೆ ಯೋಳ್ನಿಲ್ಲ?"

"ಯೋಳುದ್ರೆ ನೀನು ಓಗಕ್ಕೆ ಬುಡ್ತಿದ್ಯಾ?"

"ಬುಡ್ತಿರ್ನಿಲ್ಲ" ಎಂದಳು.

ರಸ್ತೆ ಸಮತಟ್ಟಾಗಿ, ಇಂಜಿನ್ನು ಗೇರು ಬದಲಾಯಿಸು ಎಂದು ಒರಲತೊಡಗಿತು. ಅವನು ಎಡಗೈ ಚಾಚಿದ. ಕೋಲು ಇನ್ನೂ ಅವಳ ಎರಡು ಕೈಯಲ್ಲೂ ಇತ್ತು, ಗೆಣ್ಣುಗಳು ಬಿಳಿಚಿಕೊಂಡಿದ್ದವು.

"ಇನ್ನು ಬುಡವ್ವ. ಗೇರು ಹಾಕ್ಬೇಕು."

"ಬುಡಾಕಿಲ್ಲ" ಎಂದಳು ಪುಟ್ಟಮಾದಮ್ಮ.

ಅವನು ಚಾಚಿದ ಕೈಯನ್ನು ಚಕ್ರಕ್ಕೆ ತಂದುಕೊಂಡ. ಕಿರುಗಾವಲು ದಾಟುವವರೆಗೂ ಲಾರಿ ಅದೇ ಗೇರಿನಲ್ಲಿ, ಒರಲುತ್ತಲೇ, ಮೆಲ್ಲಗೆ ಹೋಯಿತು.